ಸಣ್ಣ ಕೆಲಸ ಅಂತೆ, ಒಂದು ಸಾಲು ಅಳಿಸೋದು

"ಡಿಲೀಟ್ ಒತ್ತಿದ್ರೆ ಐಟಂ ಪಟ್ ಅಂತ ಮಾಯ ಆಗುತ್ತೆ, ಸ್ವಲ್ಪ ನಯವಾಗಿ ಹೋಗೋ ಹಾಗೆ ಮಾಡ್ರಿ, ಸಣ್ಣ ಕೆಲಸ ಅಲ್ವಾ" ಅಂದಿದ್ರು ನಮ್ಮ ಮ್ಯಾನೇಜರ್ ಸೋಮವಾರ. ಇವತ್ತು ಗುರುವಾರ, ನಾನಿನ್ನೂ ನಮ್ಮ ಆಂಡ್ರಾಯ್ಡ್ ಆ್ಯಪ್‌ನ ಅದೇ ಲಿಸ್ಟ್ ಮುಂದೆ ತಲೆ ಚಚ್ಚಿಕೊಳ್ತಾ ಕೂತಿದೀನಿ.

ಹಳೇ ಕೋಡ್ ತೆಗೆದ್ರೆ ಎಲ್ಲಾ ಕಡೆ ನೋಟಿಫೈಡೇಟಾಸೆಟ್‌ಚೇಂಜ್ಡ್. ಅಂದ್ರೆ ಒಂದು ಐಟಂ ಹೋದ್ರೂ "ಎಲ್ಲಾ ಬದಲಾಯ್ತು" ಅಂತ ಬೊಬ್ಬೆ ಹೊಡೆಯೋದು, ಯಾವ್ದು ಹೋಯ್ತು ಅಂತ ಪಾಪ ಲಿಸ್ಟ್ ತೋರಿಸೋ ರಿಸೈಕ್ಲರ್‌ವ್ಯೂಗೆ ಗೊತ್ತಾದ್ರೆ ತಾನೇ ಅನಿಮೇಟ್ ಮಾಡೋದು. ಸರಿ ಅಂತ "ಇಂಥ ಐಟಂ ಹೋಯ್ತು" ಅಂತ ಹೇಳೋ ನೋಟಿಫೈಐಟಂರಿಮೂವ್ಡ್ ಹಾಕ್ದೆ, ಆಹಾ, ಸಾಲು ಮೆಲ್ಲಗೆ ಮಸುಕಾಯ್ತು, ಕೆಳಗಿನವು ಮೇಲಕ್ಕೆ ಸರಿದ್ವು. ಖುಷೀಲಿ ಇನ್ನೊಂದು ಡಿಲೀಟ್ ಒತ್ತಿದ್ರೆ ಒತ್ತಿದ್ದು ಒಂದು, ಹೋಗಿದ್ದು ಅದರ ಕೆಳಗಿಂದು! ಯಾರೋ ಪುಣ್ಯಾತ್ಮ ಸಾಲಿಗೆ ಡೇಟಾ ತುಂಬುವಾಗಿನ ಪೊಸಿಷನ್ನೇ, ಅಂದ್ರೆ ಎಷ್ಟನೇ ಸಾಲು ಅನ್ನೋ ನಂಬರನ್ನೇ, ಒತ್ತಿದಾಗ ಓಡೋ ಕ್ಲಿಕ್ ಲಿಸನರ್ ಒಳಗೆ ಹಿಡಿದಿಟ್ಟಿದಾನೆ, ಮೇಲಿನ ಸಾಲು ಹೋದ್ರೂ ಕೆಳಗಿನವಕ್ಕೆಲ್ಲ ಹಳೇ ನಂಬರೇ. ಯಾರು ಬರೆದಿದ್ದು ಅಂತ ಗಿಟ್‌ನಲ್ಲಿ ನೋಡಿದೆ. ನಾನೇ. ಅದು ಬಿಡಿ.

ಅದನ್ನ ತೆಗೆದು, ಒತ್ತಿದಾಗ ಆ ಕ್ಷಣದ ಪೊಸಿಷನ್ ಹೇಳೋ ಗೆಟ್‌ಬೈಂಡಿಂಗ್‌ಅಡಾಪ್ಟರ್‌ಪೊಸಿಷನ್ ಕೇಳೋ ಹಾಗೆ ಮಾಡ್ದೆ. ನಮ್ಮ ಟೆಸ್ಟರ್ ಬಂದು ಟಕಟಕ ಅಂತ ಎರಡು ಸಲ ಕುಟ್ಟಿದ್ಲು, ಆ್ಯಪ್ ಢಮಾರ್. ಡೇಟಾ ಆಗ್ಲೇ ಹೋಗಿರುತ್ತೆ, ಆದ್ರೆ ಅನಿಮೇಷನ್ ಮುಗಿಯೋವರೆಗೂ ಸಾಲು ಸ್ಕ್ರೀನ್ ಮೇಲೆ ದೆವ್ವದ ಥರ ನಿಂತಿರುತ್ತಲ್ಲ, ಅದನ್ನ ಒತ್ತಿದ್ರೆ ಪೊಸಿಷನ್ -1, ಅಂದ್ರೆ "ಲಿಸ್ಟ್‌ನಲ್ಲೇ ಇಲ್ಲ" ಅಂತ ಬರುತ್ತೆ, ನಾನು ಆ -1 ಹಿಡ್ಕೊಂಡು ಲಿಸ್ಟ್‌ನಲ್ಲಿ ಅಳಿಸೋಕೆ ಹೋಗಿದೀನಿ. ಡೀಫಾಲ್ಟ್ ಆಗಿ ಮಸುಕಾಗೋಕೆ 120 ಮಿಲಿಸೆಕೆಂಡ್, ಆಮೇಲೆ ಉಳಿದವು ಸರಿಯೋಕೆ 250. ಅಷ್ಟೇ ಇದ್ದಿದ್ರೆ ಬಚಾವಾಗ್ತಿದ್ನೇನೋ, ಡಿಸೈನರ್ ಸಾಹೇಬ್ರಿಗೆ 120 ಸಾಲ್ದು, 400 ಬೇಕಂತೆ, "ಫೀಲ್" ಬರಲ್ವಂತೆ.

ಇನ್ನೊಂದು ಸ್ಕ್ರೀನ್, ಆಂಡ್ರಾಯ್ಡ್ ಸ್ಕ್ರೀನ್ ಕಟ್ಟೋ ಹೊಸ ಸಾಧನ ಕಂಪೋಸ್‌ನಲ್ಲಿದೆ, ಅಲ್ಲಿ ಅನಿಮೇಟ್‌ಐಟಂ ಅಂತ ಒಂದು ಪದ ಸೇರಿಸಿದ್ರೆ ಮುಗೀತು ಅಂತಾರೆ. ಪ್ರತಿ ಐಟಂಗೂ ಅದರದ್ದೇ ಗುರುತು, ಅಂದ್ರೆ ಕೀ, ಕೊಡೋದು ಮರೆತಿದ್ದೆ. ಕೀ ಇಲ್ದಿದ್ರೆ ಪೊಸಿಷನ್ನೇ ಕೀ, ಹಾಗಾಗಿ ಮೂರನೇದು ಅಳಿಸಿದ್ರೆ ಲಿಸ್ಟ್‌ನ ಕೊನೇ ಸಾಲು ಮಸುಕಾಗುತ್ತೆ, ಮೂರನೇ ಜಾಗದಲ್ಲಿ ನಾಲ್ಕನೇದು ಏನೂ ಆಗೇ ಇಲ್ಲ ಅನ್ನೋ ಹಾಗೆ ಬಂದು ಕೂತಿರುತ್ತೆ.

ಎಲ್ಲಾ ಸರಿ ಮಾಡಿ ಮಧ್ಯಾಹ್ನ ಬಿಲ್ಡ್ ಕಳಿಸ್ದೆ. ಮ್ಯಾನೇಜರ್ ಫೋನ್ ಹಿಡ್ಕೊಂಡು ಬಂದ್ರು, "ಏನೂ ಬದಲಾಗೇ ಇಲ್ವಲ್ರೀ, ಈಗ್ಲೂ ಪಟ್ ಅಂತಾನೇ ಹೋಗುತ್ತೆ." ಒಂದು ಗಂಟೆ ಹುಡುಕಿದೆ ಕಣ್ರೀ, ಒಂದು ಗಂಟೆ. ಕೊನೆಗೆ ಅವರ ಫೋನಿನ ಸೆಟ್ಟಿಂಗ್ಸ್ ತೆಗೆದು ನೋಡಿದ್ರೆ ಅನಿಮೇಷನ್ನೇ ಆಫ್. ಬ್ಯಾಟರಿ ಉಳಿಯುತ್ತೆ ಅಂತ ಯಾರೋ ಹೇಳಿದ್ರಂತೆ.