ಎಂಟಡಿ ಸೂರಿನಡಿ ನಾಲ್ವರು ಜಾರ್ಜರು

ಇಂಗ್ಲೆಂಡನ್ನು 1714ರಿಂದ 1830ರವರೆಗೆ ಜಾರ್ಜ್ ಎಂಬ ಒಂದೇ ಹೆಸರಿನ ನಾಲ್ವರು ದೊರೆಗಳು ಸಾಲಾಗಿ ಆಳಿದರು. ಅವರಲ್ಲೊಬ್ಬ ಅಮೆರಿಕವನ್ನು ಕಳೆದುಕೊಂಡ, ಇನ್ನೊಬ್ಬ ಸಾಲದಲ್ಲಿ ಮುಳುಗಿದ. ಅವರ ರಾಜ್ಯಭಾರವನ್ನು ಯಾರು ಹೇಗೆ ಬೇಕಾದರೂ ಆಡಿಕೊಳ್ಳಲಿ, ಅವರ ಕಾಲದ ಮನೆಗಳನ್ನು ಇವತ್ತು ಆಡಿಕೊಳ್ಳುವವರಿಲ್ಲ. ಇಂಗ್ಲೆಂಡಿನಲ್ಲಿ ನಿನ್ನೆ ಮೊನ್ನೆ ಎದ್ದ ಬಡಾವಣೆಯಲ್ಲಿ ಮನೆ ಕೊಂಡವರಿಗೂ ಒಳಗಾದರೂ ಒಂದಿಷ್ಟು ಜಾರ್ಜಿಯನ್ ಕಳೆ ಇರಲಿ ಎಂಬ ಆಸೆ. ಆಸೆಯಲ್ಲಿ ತಪ್ಪಿಲ್ಲ, ತೊಡಕಿರುವುದು ಸೂರಿನಲ್ಲಿ. ಹೊಸ ಮನೆಯ ಕೋಣೆ ಸಾಮಾನ್ಯವಾಗಿ 2.4 ಮೀಟರ್ ಎತ್ತರ, ಅಂದರೆ ಎಂಟಡಿಗೂ ಒಂದೂವರೆ ಇಂಚು ಕಡಿಮೆ. ಗೋಡೆಗೆ ಹೊಡೆಯುವ ಜಿಪ್ಸಂ ಹಲಗೆಯ ಉದ್ದವೂ ಅಷ್ಟೇ. ಜಾರ್ಜಿಯನ್ ಸಿರಿವಂತರ ಮೊದಲ ಮಹಡಿಯ ಪಡಸಾಲೆಯೋ, ಮೂರು ಮೀಟರಿಗೆ ಕಡಿಮೆಯಿದ್ದರೆ ಅವಮಾನ ಎಂಬಂತೆ ಎದ್ದು ನಿಂತಿರುತ್ತಿತ್ತು.

ಹಳೆಯದರ ನಕಲು ಮಾಡುವುದೇ ಸುಳ್ಳಲ್ಲವೇ ಎಂದು ಮೂಗು ಮುರಿಯುವವರು ಇದ್ದಾರೆ. ಅವರಿಗೆ ಹೇಳಬೇಕಾದ್ದು ಒಂದೇ: ಜಾರ್ಜಿಯನ್ನರಷ್ಟು ಸೊಗಸಾಗಿ ಸುಳ್ಳು ಹೇಳಿದವರು ಇನ್ನಿಲ್ಲ. ಇಟ್ಟಿಗೆ ಗೋಡೆಗೆ ಗಾರೆ ಮೆತ್ತಿ, ಅದರ ಮೇಲೆ ಗೆರೆ ಕೊರೆದು ಕಲ್ಲುಕಟ್ಟಡ ಎನ್ನಿಸಿದರು. ಎಲೀನರ್ ಕೋಡ್ ಎಂಬ ಹೆಂಗಸು 1769ರಿಂದ ಲಂಡನ್ನಿನಲ್ಲಿ ಜೇಡಿಮಣ್ಣನ್ನು ಸುಟ್ಟು ಕಲ್ಲಿನಂಥ ವಿಗ್ರಹ, ತೋರಣಗಳನ್ನು ಮಾಡಿ ದೊರೆಗಳಿಗೇ ಮಾರಿದಳು. ಜಿಪ್ಸಂ ಪುಡಿಗೆ ಅಂಟು, ಬಣ್ಣ ಕಲಸಿ ಉಜ್ಜಿದ್ದು ಅಮೃತಶಿಲೆಯ ಕಂಬವಾಯಿತು. ಅಗ್ಗದ ಪೈನ್ ಮರದ ಬಾಗಿಲಿಗೆ ಬಣ್ಣದಲ್ಲೇ ಮಹಾಗನಿಯ ಗೆರೆ ಎಳೆದರು. ಕಿಟಕಿಯ ಸಾಲು ಕೆಡದಿರಲೆಂದು ಕಿಟಕಿಯೇ ಇಲ್ಲದ ಕಡೆ ಗೋಡೆಯಲ್ಲಿ ಗೂಡು ಬಿಟ್ಟು ಕುರುಡು ಕಿಟಕಿ ಮಾಡಿದರು. ಕಿಟಕಿ ತೆರಿಗೆ ತಪ್ಪಿಸಿಕೊಳ್ಳಲು ಮುಚ್ಚಿದ್ದು ಎಂದು ಎಲ್ಲವನ್ನೂ ತೋರಿಸಿ ಹೇಳುವುದುಂಟು, ಎಷ್ಟೋ ಕುರುಡು ಕಿಟಕಿಗಳು ಹುಟ್ಟಿನಿಂದಲೇ ಕುರುಡು. ಬಾತ್ ಊರಿನ ರಾಯಲ್ ಕ್ರೆಸೆಂಟ್ ನೋಡಿ. ಕಿರಿಯ ಜಾನ್ ವುಡ್ 1767ರಿಂದ 1774ರ ನಡುವೆ ಕಟ್ಟಿಸಿದ 30 ಮನೆಗಳು. ಮುಂದೆ 114 ಕಂಬಗಳ ಒಂದೇ ಅರಮನೆಯ ಠೀವಿ. ಹಿಂದಕ್ಕೆ ಹೋಗಿ ನೋಡಿದರೆ ಒಬ್ಬೊಬ್ಬರದು ಒಂದೊಂದು ಆಕಾರ.

ಸಾಮಾನಿನ ವಿಷಯದಲ್ಲಿ ಇಷ್ಟೆಲ್ಲ ಸುಳ್ಳು ಹೇಳಿದವರು ಅಳತೆಯ ವಿಷಯದಲ್ಲಿ ಮಾತ್ರ ಹೇಳಲಿಲ್ಲ. ನಾವು ಮಾಡುವುದು ತಿರುಗಾಮುರುಗಾ. ಅಸಲಿ ಮಹಾಗನಿ ತಂದು ಅಡ್ಡಾದಿಡ್ಡಿ ಅಳತೆಯಲ್ಲಿ ಕೂರಿಸುತ್ತೇವೆ.

ಆ ಅಳತೆ ಬಂದದ್ದು ಗ್ರೀಕ್, ರೋಮನ್ ಕಂಬದಿಂದ. ಗೋಡೆಯನ್ನೇ ಒಂದು ಚಪ್ಪಟೆ ಕಂಬ ಎಂದುಕೊಳ್ಳಿ. ಗೋಡೆಯ ಬುಡಕ್ಕೆ ಹೊಡೆಯುವ ಸ್ಕರ್ಟಿಂಗ್ ಪಟ್ಟಿ ಪೀಠದ ಪಾದ. ಅಲ್ಲಿಂದ, ಸೊಂಟದೆತ್ತರದಲ್ಲಿ ಗೋಡೆಗೆ ಅಡ್ಡ ಹಾಯುವ ಡೇಡೋ ಪಟ್ಟಿಯವರೆಗೆ ಪೀಠ. ಮೇಲಿನ ಬಯಲು ಗೋಡೆಯೇ ಕಂಬದ ಮೈ. ಗೋಡೆ ಸೂರಿಗೆ ತಾಗುವಲ್ಲಿನ ಉಬ್ಬುಪಟ್ಟಿ, ಅಂದರೆ ಕಾರ್ನಿಸ್, ಕಂಬದ ತಲೆಯ ಮೇಲಿನ ಹೊರೆ. ಕಂಬದ ಮೈಗಿಂತ ಪೀಠ ದೊಡ್ಡದಾಗಬಾರದು, ಇದಿಷ್ಟೇ ಸೂತ್ರ. ಹೊಸ ಮನೆಗಳಲ್ಲಿ ಕೆಡುವುದೂ ಇಲ್ಲೇ. ಡೇಡೋ ಪಟ್ಟಿಯನ್ನು ಬಡಗಿ ರೂಢಿಯಂತೆ 900 ಮಿಲಿಮೀಟರಿನಲ್ಲಿ ಹೊಡೆಯುತ್ತಾನೆ. ಮೂರೂವರೆ ಮೀಟರಿನ ಗೋಡೆಗೆ ಅದು ಸೊಂಟಪಟ್ಟಿ, 2.4ರ ಗೋಡೆಗೆ ಅದೇ ಎದೆಪಟ್ಟಿ. ಕೋಣೆ ಕುಗ್ಗಿ ಕೂತಂತೆ ಕಾಣುತ್ತದೆ. ಒಟ್ಟು ಎತ್ತರದ ಮೂರನೇ ಒಂದು ಭಾಗಕ್ಕಿಂತ ಮೇಲೆ ಹೋಗದಿರಲಿ. ಪಟ್ಟಿಯ ಕೆಳ ಅಂಚು 750ರಲ್ಲಿ, ಮೇಲಂಚು 800ರಲ್ಲಿ ಇದ್ದರೆ ಸರಿ. ಸ್ಕರ್ಟಿಂಗ್ 145 ಸಾಕು, ಅಂಗಡಿಯಲ್ಲಿ 220ರದ್ದು ಎಷ್ಟೇ ಗತ್ತಾಗಿ ಕಂಡರೂ ಬೇಡ. ಕಾರ್ನಿಸ್ ಗೋಡೆಯ ಮೇಲೆ ಇಳಿಯುವುದು 100 ಮೀರದಿರಲಿ, ಸೂರಿನ ಕಡೆಗೆ ಅದಕ್ಕಿಂತ ಜಾಸ್ತಿ ಚಾಚಿದರೆ ಇನ್ನೂ ಒಳ್ಳೆಯದು, ಸೂರು ಮೇಲೆದ್ದಂತೆ ತೋರುತ್ತದೆ. ಸೂರಿನ ನಡುವಿನ ಗಾರೆ ಹೂವನ್ನು ಮಾತ್ರ ಈ ಎತ್ತರದಲ್ಲಿ ಮರೆತುಬಿಡಬೇಕು. ಅದು ಕತ್ತೆತ್ತಿ ನೋಡಲು ಮಾಡಿದ್ದು, ತಲೆಗೆ ತಾಗಿಸಿಕೊಳ್ಳಲು ಅಲ್ಲ.

ಕಾರ್ನಿಸ್ ಥರ್ಮಾಕೋಲಿನದು ಅಗ್ಗ, ಹಗುರ. ಆದರೆ ಎರಡು ಕೈ ಬಣ್ಣ ಬಿದ್ದೊಡನೆ ಕೆತ್ತನೆಯ ಅಂಚು ಮೊಂಡಾಗುತ್ತದೆ. ಜಿಪ್ಸಂನದು ಭಾರ, ಗೋಡೆಯನ್ನು ಗೀರಿ ಒದ್ದೆ ಮಾಡಿ ಅಂಟಿಸಬೇಕು, ತೊಲೆ ಹುಡುಕಿ ಸ್ಕ್ರೂ ಕೊಡಬೇಕು. ಮೂಲೆಗೆ ಕತ್ತರಿಸುವಾಗ ಪಟ್ಟಿಯನ್ನು ಗರಗಸ ಓರೆಯಾಗಿ ಆಡಿಸುವ ಪೆಟ್ಟಿಗೆಯಲ್ಲಿ ತಲೆಕೆಳಗಾಗಿ ಇಡಬೇಕೆಂಬುದನ್ನು ಮರೆತವರು ಪ್ರತಿ ಮೂಲೆಗೂ ಒಂದು ತುಂಡು ಹಾಳು ಮಾಡಿಕೊಳ್ಳುತ್ತಾರೆ.

ಇನ್ನು ಡೇಡೋ ಕೆಳಗಿನ ಚೌಕಟ್ಟುಗಳು. ಹಿಂದೆ ಅವು ಮರದ ಹಲಗೆ ಜೋಡಿಸಿದ ನಿಜವಾದ ಅಂಕಣಗಳು, ಈಗ ಗೋಡೆಗೆ ಬೀಡಿಂಗ್ ಎಂಬ ಸಣ್ಣ ಉಬ್ಬುಪಟ್ಟಿ ಅಂಟಿಸಿ ಒಂದೇ ಬಣ್ಣ ಬಳಿದರೆ ಸಾಕು. ಇಲ್ಲಿ ಪೆನ್ಸಿಲ್ ಗರಗಸಕ್ಕಿಂತ ಮುಂದಿರಬೇಕು. ಗೋಡೆ 3.6 ಮೀಟರ್ ಅಗಲ, ಚೌಕಟ್ಟು ನಾಲ್ಕು ಎನ್ನಿ. ನಾಲ್ಕು ಚೌಕಟ್ಟಿಗೆ ಸಂದು ಐದು. ಸಂದು 90 ಮಿಲಿಮೀಟರ್ ಬಿಟ್ಟರೆ ಐದಕ್ಕೆ 450, ಮಿಕ್ಕ 3150ರಲ್ಲಿ ಒಂದೊಂದು ಚೌಕಟ್ಟಿಗೆ 787.5. ಎತ್ತರ: 750ರಲ್ಲಿ ಸ್ಕರ್ಟಿಂಗಿನ 145 ಕಳೆದು, ಮೇಲೊಂದು ಕೆಳಗೊಂದು ಸಂದು ಕಳೆದರೆ 425. ಸುತ್ತಳತೆ 2425. ಬೀಡಿಂಗ್ ಕೋಲು ಬರುವುದು 2400 ಉದ್ದ. ಇಪ್ಪತ್ತೈದು ಮಿಲಿಮೀಟರ್ ಸಾಲದೆ ಪ್ರತಿ ಚೌಕಟ್ಟಿಗೂ ಎರಡನೇ ಕೋಲಿಗೆ ಕೈ ಹಾಕಬೇಕು. ಸಂದನ್ನು 100 ಮಾಡಿ ನೋಡಿ. ಅಗಲ 775, ಎತ್ತರ 405, ಸುತ್ತಳತೆ 2360. ಗರಗಸ ನಾಲ್ಕು ಸಲ ಮೂರು ಮೂರು ತಿಂದರೂ 2372. ಒಂದು ಚೌಕಟ್ಟಿಗೆ ಒಂದು ಕೋಲು, ತಪ್ಪು ಕತ್ತರಿಸುವ ಕೈಗೆಂದು ಐದನೆಯದು.

ಲೆಕ್ಕ ಮುಗಿಯಿತೆಂದು ಅಂಟು ತೆಗೆಯುವ ಮೊದಲು ಪ್ಲಗ್ ಪಾಯಿಂಟ್ ಎಲ್ಲಿದೆ ನೋಡಬೇಕು. ಇಂಗ್ಲೆಂಡಿನ ಕಟ್ಟಡ ನಿಯಮದಂತೆ ಹೊಸ ಮನೆಯ ಸಾಕೆಟ್ ನೆಲದಿಂದ 450ಕ್ಕಿಂತ ಕೆಳಗಿರುವಂತಿಲ್ಲ. ಆದ್ದರಿಂದ ಎಲ್ಲರೂ ಸರಿಯಾಗಿ 450ರಲ್ಲೇ ಕೂರಿಸುತ್ತಾರೆ. ನಮ್ಮ ಚೌಕಟ್ಟು 245ರಿಂದ 650ರವರೆಗೆ, ಹಾಗಾಗಿ ಸಾಕೆಟ್ ಅದರ ನಟ್ಟನಡುವಿನ ಎತ್ತರಕ್ಕೇ ಬರುತ್ತದೆ. ಅದು ಅದೃಷ್ಟ. ಅಡ್ಡಡ್ಡಲಾಗಿ ಅಂಥ ಅದೃಷ್ಟ ಇರುವುದಿಲ್ಲ. ಜೋಡಿ ಸಾಕೆಟ್ಟಿನ ತಟ್ಟೆ 146 ಅಗಲ, ಸಂದು 100, ಎಂದ ಮೇಲೆ ಸಂದಿಗೆ ಬಿದ್ದ ಸಾಕೆಟ್ ಎರಡೂ ಕಡೆಯ ಬೀಡಿಂಗನ್ನು ತುಳಿಯುತ್ತದೆ. ಆಗ ನಡುವಿನ ಎರಡನ್ನು ಹಿಗ್ಗಿಸಿ ಅಂಚಿನ ಎರಡನ್ನು ಅಷ್ಟೇ ಕುಗ್ಗಿಸಿ, ಎಡಬಲ ಸಮವಿರಲಿ. ಸಾಕೆಟ್ ಇರುವ ಒಂದೇ ಚೌಕಟ್ಟನ್ನು ಹಿಂಡಿದರೆ ಕಣ್ಣು ಸದಾ ಅಲ್ಲಿಗೇ ಹೋಗುತ್ತದೆ. ಅಂಟಿನ ಜೊತೆಗೆ ಸಣ್ಣ ಪಿನ್ ಹೊಡೆಯಿರಿ. ಪಿನ್ನಿನ ತೂತಕ್ಕೆ ಗಟ್ಟಿಯಾಗುವ ಎರಡು ಭಾಗದ ಫಿಲ್ಲರ್, ಅಂಚಿನ ಬಿರುಕಿಗೆ ಮಾತ್ರ ರಬ್ಬರಿನಂಥ ಕಾಕ್. ಅದಲುಬದಲು ಮಾಡಿದರೆ ಕಾಕ್ ಒಣಗಿ ಕುಸಿದು ಗೋಡೆಯ ತುಂಬ ಸಿಡುಬಿನ ಕಲೆ. ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಪಟ್ಟಿಯ ಕತ್ತರಿಸಿದ ಬಾಯಿ ಬಣ್ಣವನ್ನು ನೀರಿನಂತೆ ಹೀರುತ್ತದೆ, ಅದಕ್ಕೆ ಪ್ರೈಮರ್ ಎರಡು ಸಲ.

ಇದೆಲ್ಲವನ್ನೂ ಬೀಗದ ಕೈ ಸಿಕ್ಕ ವಾರವೇ ಶುರು ಮಾಡಬಾರದು. ಗಾರೆ, ಕಾಂಕ್ರೀಟು, ಮರ ಎಲ್ಲದರಲ್ಲೂ ನೀರಿರುತ್ತದೆ. ಅದು ಆರುತ್ತ ಮೊದಲ ವರ್ಷ ಮನೆ ಕುಗ್ಗುತ್ತದೆ, ಮೂಲೆಗಳಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ. ಬಿಲ್ಡರ್ ಬಳಿದಿರುವ ತೆಳು ಬಣ್ಣ ಆ ನೀರು ಆರಿ ಹೊರಹೋಗಲಿ ಎಂದೇ ಹಾಕಿದ್ದು. ಅದರ ಮೇಲೆ ಗೋಡೆ ಕಾಗದ ಮೆತ್ತಿದರೆ ಜೋಡಣೆಯಲ್ಲಿ ಸುರುಳಿ ಏಳುತ್ತದೆ. ಒಂದು ವರ್ಷ ತಾಳಿದವರಿಗೆ ಇನ್ನೊಂದು ಲಾಭ, ಗೋಡೆಯ ದೋಷಕ್ಕೆ ಬಿಲ್ಡರನನ್ನೇ ಹಿಡಿಯಬಹುದು. ಅಲಂಕಾರದ ಕೆಳಗೆ ಮುಚ್ಚಿಟ್ಟ ಬಿರುಕಿಗೆ ಅವನು ತಲೆಯಾಡಿಸುವುದಿಲ್ಲ.

ಗೋಡೆ ಕಾಗದಕ್ಕೆ ಇಂಗ್ಲೆಂಡಿನಲ್ಲಿ 1712ರಿಂದ 1836ರವರೆಗೆ ತೆರಿಗೆ ಇತ್ತು. ಮೊದಲಿಗೆ ಚದರ ಗಜಕ್ಕೆ ಒಂದು ಪೆನ್ನಿ, ಅದೂ ಅಚ್ಚಾದ ಕಾಗದಕ್ಕೆ. ಜಾಣರು ಬಿಳಿ ಕಾಗದ ಅಂಟಿಸಿ ಆಮೇಲೆ ಗೋಡೆಯ ಮೇಲೇ ಹೂವು ಮೂಡಿಸಿಕೊಂಡರು. ಈಗ ತೆರಿಗೆಯಿಲ್ಲ, ಬೆಲೆಯೇ ತೆರಿಗೆ. ಆದ್ದರಿಂದ ಡೇಡೋ ಪಟ್ಟಿಯ ಇನ್ನೊಂದು ಉಪಕಾರ ಹೇಳಬೇಕು. 3.6ಕ್ಕೆ 4.5 ಮೀಟರಿನ ಕೋಣೆಗೆ, ಬಾಗಿಲು ಕಿಟಕಿ ಕಳೆಯದೆ, 53 ಸೆಂಟಿಮೀಟರ್ ಅಗಲದ 31 ಪಟ್ಟಿ ಬೇಕು. ಸುರುಳಿ 10.05 ಮೀಟರ್ ಉದ್ದ. ಚಿತ್ತಾರ 53 ಸೆಂಟಿಮೀಟರಿಗೊಮ್ಮೆ ಮರುಕಳಿಸುತ್ತದೆ ಎನ್ನಿ. ಸ್ಕರ್ಟಿಂಗಿನಿಂದ ಕಾರ್ನಿಸಿನವರೆಗೆ 215.5 ಸೆಂಟಿಮೀಟರ್. ನಾಲ್ಕು ಚಿತ್ತಾರಕ್ಕೆ 212, ಮೂರೂವರೆ ಸಾಲದು. ಐದು ಕತ್ತರಿಸಬೇಕು, ಸುರುಳಿಗೆ ಮೂರೇ ಪಟ್ಟಿ, ಒಟ್ಟು 11 ಸುರುಳಿ. ಡೇಡೋ ಮೇಲೆ ಮಾತ್ರ ಅಂಟಿಸಿದರೆ ಎತ್ತರ 150, ಮೂರು ಚಿತ್ತಾರ 159, ಸುರುಳಿಗೆ ಆರು ಪಟ್ಟಿ, 6 ಸುರುಳಿಯಲ್ಲಿ ಕೋಣೆ ಮುಗಿಯಿತು.

ಬಣ್ಣದ ವಿಷಯಕ್ಕೆ ಬಂದರೆ ಮೊದಲ ಶತ್ರು ಹೊಳೆಹೊಳೆವ ಬಿಳಿ. ಆ ಬಿಳಿಯನ್ನು ಕೊಡುವ ಟೈಟಾನಿಯಮ್ 20ನೇ ಶತಮಾನದ ಸರಕು. ಆಗಿನ ಸೀಸದ ಬಿಳಿಗೆ ಎಣ್ಣೆ ಬೆರೆತು ಬರುತ್ತಿದ್ದದ್ದು ಹಾಲಿನ ಕೆನೆಯ ಬಣ್ಣ. ಸೂರಿಗೂ ಕಾರ್ನಿಸಿಗೂ ಆ ಕೆನೆಬಣ್ಣವೇ ಇರಲಿ, ಸೀಸ ಬೇಡ. ಎರಡನೇ ತಪ್ಪು, ಹಳೆಯದೆಂದರೆ ಮಾಸಲು ಎಂಬ ನಂಬಿಕೆ. ಕಲ್ಲುಬಣ್ಣ, ಮಣ್ಣುಬಣ್ಣ ಅಗ್ಗವಾದ್ದರಿಂದ ಹೆಚ್ಚು ಬಳಕೆಯಲ್ಲಿದ್ದವು ನಿಜ. ದುಡ್ಡಿದ್ದವರು ಪ್ರಷ್ಯನ್ ನೀಲಿ, ಗಿಳಿಹಸಿರು ಬಳಿದು ಮೆರೆದರು. ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿ ವಾಸ್ತುಶಿಲ್ಪಿ ಜಾನ್ ಸೋನ್ ಇದ್ದ ಮನೆ ಈಗ ಮ್ಯೂಸಿಯಮ್. ಅದರ ಪಡಸಾಲೆಯ ಹಳದಿ ನೋಡಿದವರು ಮಾಸಲಿನ ಮಾತಾಡುವುದಿಲ್ಲ. ಸ್ಕರ್ಟಿಂಗಿಗೆ ಗಾಢ ಕಂದು ಬಳಿಯುವ ಪದ್ಧತಿಯೂ ಇತ್ತು. ನೆಲ ಒರೆಸುವ ಬಟ್ಟೆಯ ಕಲೆ ಕಾಣದಿರಲೆಂದು. ಪೈನ್ ಮರದ ಬಣ್ಣ ಕೆರೆದು ಬರಿಮೈಯಲ್ಲಿ ನಿಲ್ಲಿಸುವುದು ಮಾತ್ರ ಯಾವ ಜಾರ್ಜನ ಕಾಲದಲ್ಲೂ ಇರಲಿಲ್ಲ.

ಕಿಟಕಿ ಬಾಗಿಲಿನ ಬಗ್ಗೆ ಹೇಳುವುದು ಕಡಿಮೆ, ಮಾಡದಿರುವುದು ಹೆಚ್ಚು. ಜೋಡಿ ಗಾಜಿನ ನಡುವೆ ಬಿಳಿ ಪಟ್ಟಿ ಕೂರಿಸಿ ಜಾರ್ಜಿಯನ್ ಎಂದು ಮಾರುತ್ತಾರೆ. ಪಟ್ಟಿಗೆ ಉಬ್ಬಿಲ್ಲ, ನೆರಳಿಲ್ಲ. ಮೇಲೆ ಕೆಳಗೆ ಜಾರುವ ಸ್ಯಾಶ್ ಕಿಟಕಿಯ ಚೌಕಟ್ಟಿನಿಂದ ಇಳಿಯುವ ಕೊಂಬು ವಿಕ್ಟೋರಿಯಾ ಕಾಲದ್ದು, ಭಾರದ ದೊಡ್ಡ ಗಾಜು ಬಂದಾಗ ಕೀಲು ಬಿಡದಿರಲೆಂದು ಹುಟ್ಟಿದ್ದು. ಗಾಜಿನ ನಡುವಿನ ಗುಂಡು ಸುಳಿ ಗಾಜನ್ನು ಬಿಲ್ಲೆಯಾಗಿ ತಿರುಗಿಸುವಾಗ ನಡುವೆ ಕಬ್ಬಿಣದ ಸರಳು ಅಂಟಿದ್ದ ಗುರುತು, ಆಗ ಅದು ಬಡವರ ಹಿಂಬಾಗಿಲಿಗೆ ಹೋಗುತ್ತಿದ್ದ ತ್ಯಾಜ್ಯ. ಈಗ ಅದಕ್ಕೇ ಹೆಚ್ಚು ಬೆಲೆ. ಬಾಗಿಲ ಮೇಲಿನ ಬೀಸಣಿಗೆ ಕಿಟಕಿ ಹಜಾರಕ್ಕೆ ಬೆಳಕು ತರಲು ಇದ್ದದ್ದು. ಅದನ್ನು ಬಾಗಿಲ ಹಲಗೆಯೊಳಗೇ ಸೇರಿಸುವುದು ಹುಬ್ಬನ್ನು ಕೆನ್ನೆಗೆ ಅಂಟಿಸಿದಂತೆ.

ಪರದೆಗೆ ಚಿಂಟ್ಸ್ ಎಂಬ ಹೂಬಳ್ಳಿಯ ಹತ್ತಿಬಟ್ಟೆ ಹುಡುಕುವವರು ಒಂದು ವಿಷಯ ತಿಳಿದಿರಲಿ. ಭಾರತದ ಇಂಥ ಬಟ್ಟೆ ಇಂಗ್ಲಿಷ್ ನೇಕಾರರ ಹೊಟ್ಟೆಗೆ ಹೊಡೆಯಿತೆಂದು 1721ರ ಕಾನೂನು ಅಚ್ಚಿನ ಹತ್ತಿಬಟ್ಟೆಯನ್ನು ಉಡುವುದನ್ನೂ ಮನೆಗೆ ಹಾಕುವುದನ್ನೂ ನಿಷೇಧಿಸಿತ್ತು. ನಟ ಡೇವಿಡ್ ಗ್ಯಾರಿಕ್‌ನ ಮಂಚದ ಮಚಲಿಪಟ್ಟಣದ ಪರದೆಯನ್ನು ಸುಂಕದವರು ಹಿಡಿದಿದ್ದರು. ಈಗ ಅದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಶ್ರೀರಂಗಪಟ್ಟಣದಿಂದ ಹೋದ ಟಿಪ್ಪುವಿನ ಡೇರೆಯೂ ಇಂಥದೇ ಹೂವಿನ ಬಟ್ಟೆಯದು. ವೇಲ್ಸಿನ ಪೋವಿಸ್ ಕೋಟೆಯಲ್ಲಿ ಅದನ್ನು ಕಂಡ ಕನ್ನಡಿಗರಿಗೆ ಜಾರ್ಜಿಯನ್ ರುಚಿಯ ಮೂಲ ಎಲ್ಲಿಯದೆಂದು ವಿವರಿಸಬೇಕಿಲ್ಲ.

ಕೊನೆಗೆ ಕುರ್ಚಿಗಳು. ಜಾರ್ಜಿಯನ್ ಕೋಣೆಯ ನಡುವೆ ಏನೂ ಇರುತ್ತಿರಲಿಲ್ಲ. ಕುರ್ಚಿಗಳೆಲ್ಲ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತು, ಬೇಕಾದಾಗ ಮುಂದೆ ಬರುತ್ತಿದ್ದವು. ಆ ಬೆನ್ನುಗಳ ಪೆಟ್ಟು ತಿನ್ನುವುದೂ ಡೇಡೋ ಪಟ್ಟಿಯ ಕೆಲಸವಾಗಿತ್ತು. ರೆಕ್ಕೆ ಮಡಚುವ ಮೇಜು, ಗೋಡೆ ಬದಿಯ ಕುರ್ಚಿ ಎಂಬ ಈ ಕ್ರಮ ಇವತ್ತಿನ ಚಿಕ್ಕ ಕೋಣೆಗೆ ಎಲ್ಲ ಅಲಂಕಾರಕ್ಕಿಂತ ಹೆಚ್ಚು ಒದಗುತ್ತದೆ, ದುಡ್ಡೂ ಬೇಡ. ಬೆಳಕಿಗೆ ಸೂರಿನ ತೂತುದೀಪಗಳನ್ನು ಆರಿಸಿಡಿ. ಮೇಣದಬತ್ತಿಯ ಬೆಳಕು ಸುಮಾರು 12 ಲ್ಯೂಮೆನ್, 470ರ ಒಂದು ಬಲ್ಬೇ ನಲವತ್ತು ಬತ್ತಿಯ ಸಮ. ಮುಖದ ಎತ್ತರಕ್ಕೆ 2200 ಕೆಲ್ವಿನ್ನಿನ, ಅಂದರೆ ಹಳದಿ ಬೆಳಕಿನ, ಎರಡು ಗೋಡೆದೀಪ, ಎರಡು ಕಿಟಕಿಗಳ ನಡುವೆ ಒಂದು ಉದ್ದ ಕನ್ನಡಿ ಇದ್ದರೆ ಸಾಕು.

ಟೀವಿಗೆ ಜಾರ್ಜರ ಬಳಿ ಉತ್ತರವಿಲ್ಲ. ಅಗ್ಗಿಷ್ಟಿಕೆಯ ಮೇಲೆ ತೂಗಿದರೆ ಕತ್ತು ನೋಯುತ್ತದೆ, ಹೊಸ ಮನೆಯಲ್ಲಿ ಅಗ್ಗಿಷ್ಟಿಕೆಯೂ ಹಲಗೆಯ ಸೋಗಷ್ಟೇ. ಜೋಡಿ ಬಾಗಿಲಿನ ಬಟ್ಟೆ ಬೀರು ಇದಕ್ಕೆ ಹೇಳಿ ಮಾಡಿಸಿದಂತಿದೆ. 43 ಇಂಚಿನ ಟೀವಿ 97 ಸೆಂಟಿಮೀಟರ್ ಅಗಲ, ಒಳಗೆ ಕೂರುತ್ತದೆ. 55 ಇಂಚಿನದು 123, ಕೂರುವುದಿಲ್ಲ. ವೈರಿಗೂ ಬಿಸಿಗಾಳಿಗೂ ಬೆನ್ನಹಲಗೆ ಕೊರೆಯಬೇಕಾಗುತ್ತದೆ, ಆದ್ದರಿಂದ ಬೀರು ನಕಲಿಯದೇ ಆಗಿರಲಿ.