ಪೋಸ್ಟ್‌ಡಾಕ್ ಹುಡುಕುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿ

ಮೂರು ವಾರದ ಹಿಂದೆ, ಭಾನುವಾರ, ಹುಬ್ಬಳ್ಳಿಯ ಹುಡುಗಿಯೊಬ್ಬಳು ಪುಣೆಯ ಪಾಷಾಣ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದಳು. ಇಲ್ಲಿನ ಪ್ರಯೋಗಾಲಯವೊಂದರಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಥೀಸಿಸ್ ಒಪ್ಪಿಸಲು ಎರಡೇ ತಿಂಗಳು ಉಳಿದಿದೆ. ಅದಾದ ಮೇಲೆ ವಿದೇಶದಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿದವರು ಕೆಲಕಾಲ ಮಾಡುವ ಸಂಶೋಧನಾ ಕೆಲಸ, ಹುಡುಕುತ್ತಿದ್ದಾಳೆ. "ಅಕ್ಕಾ, ನೂರಾ ಹತ್ತು ಪ್ರೊಫೆಸರುಗಳಿಗೆ ಬರೆದೆ, ಒಬ್ಬರೂ ಉತ್ತರ ಕೊಡಲಿಲ್ಲ" ಎಂದು ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ನೂರಾ ಹತ್ತು ಮಂದಿಗೂ ಒಂದೇ ಪತ್ರ, ಹೆಸರಷ್ಟೇ ಬೇರೆ. ಓದಿ ಸಿಟ್ಟು ಬಂತು, ಅವಳ ಮೇಲಲ್ಲ. ಐದು ವರ್ಷ ಒಂದೇ ಕಟ್ಟಡದಲ್ಲಿ ದುಡಿದವಳಿಗೆ ಮುಂದಿನ ದಾರಿ ಹೇಗಿರುತ್ತದೆಂದು ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ.

ದೊಡ್ಡ ವಿಶ್ವವಿದ್ಯಾಲಯವೆಂದರೆ ಅಲ್ಲೊಂದು ನೇಮಕಾತಿ ಕಚೇರಿ ಇದೆ, ಅರ್ಜಿ ಹಾಕಿದರೆ ಸಂದರ್ಶನಕ್ಕೆ ಕರೆಯುತ್ತಾರೆ ಎಂದು ನಮ್ಮ ಮಕ್ಕಳು ನಂಬಿದ್ದಾರೆ. ಅದು ಹಾಗಲ್ಲ. ಪೋಸ್ಟ್‌ಡಾಕ್ ಸಂಬಳ ಬರುವುದು ಹೆಚ್ಚಾಗಿ ಒಬ್ಬ ಪ್ರೊಫೆಸರ್ ತಂದ ಅನುದಾನದಿಂದ. ಯಾರು ಬೇಕೆಂದು ತೀರ್ಮಾನಿಸುವವರೂ ಅವರೇ. ಎಷ್ಟೋ ಹುದ್ದೆಗಳು ಜಾಹೀರಾತಿನವರೆಗೆ ಬರುವುದೇ ಇಲ್ಲ. ಆ ಪ್ರೊಫೆಸರರಲ್ಲಿ ಹಣವಿಲ್ಲದಿದ್ದರೆ ನಾವೇ ಫೆಲೋಶಿಪ್, ಅಂದರೆ ಸಂಶೋಧನಾ ವೇತನ, ಗೆದ್ದು ಹೋಗಬೇಕು. ಜರ್ಮನಿಯ ಹುಂಬೋಲ್ಟ್ ಆಗಲಿ, ಯುರೋಪಿನ ಮೇರಿ ಕ್ಯೂರಿ ಆಗಲಿ, ಅಲ್ಲಿನ ಪ್ರೊಫೆಸರರೊಬ್ಬರು ಒಪ್ಪದೆ ಅರ್ಜಿಯೇ ಮುಂದೆ ಹೋಗುವುದಿಲ್ಲ. ಮೇರಿ ಕ್ಯೂರಿಗೆ ಅರ್ಜಿಯ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಫಲಿತಾಂಶ ಬರುವುದು ಮುಂದಿನ ವರ್ಷ.

ಹಾಗಾಗಿ ಥೀಸಿಸ್‌ಗೆ ಒಂದು ವರ್ಷ ಮೊದಲೇ ಹುಡುಕಾಟ ಶುರುವಾಗಬೇಕು. ಐದು ವರ್ಷ ತುಂಬಿದರೆ ಪಿಎಚ್‌ಡಿಯ ಫೆಲೋಶಿಪ್ ಸಾಮಾನ್ಯವಾಗಿ ನಿಲ್ಲುತ್ತದೆ, ಹಾಸ್ಟೆಲ್ ಖಾಲಿ ಮಾಡು ಎನ್ನುತ್ತಾರೆ. ನಾನು ಏಳು ತಿಂಗಳು ಹಾಗೆ ಕಳೆದಿದ್ದೇನೆ. "ಓದು ಮುಗಿಯಿತಲ್ಲ, ಇನ್ನೇನು ಕಾಯುತ್ತೀ?" ಎಂದು ಅಪ್ಪ ಫೋನಿನಲ್ಲಿ ಕೇಳಿದಾಗ ಗಂಟಲು ಕಟ್ಟಿತ್ತು.

ದೇಶದೊಳಗಿನ ಅವಕಾಶವನ್ನೂ ಕಡೆಗಣಿಸಬಾರದು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2023ರಲ್ಲಿ ಪರಿಷ್ಕರಿಸಿದ ಮೇಲೆ ರಿಸರ್ಚ್ ಅಸೋಸಿಯೇಟ್‌ಗೆ (ಇಲ್ಲಿ ಪೋಸ್ಟ್‌ಡಾಕ್‌ನಂಥದೇ ಹುದ್ದೆ) ತಿಂಗಳಿಗೆ 58,000 ರೂಪಾಯಿಯಿಂದ 67,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಐಸರ್, ಎನ್‌ಸಿಎಲ್ ಎಂಬ ಸಂಶೋಧನಾ ಸಂಸ್ಥೆಗಳೆರಡೂ ನಮ್ಮ ಮನೆಯಿಂದ ಕೂಗಳತೆಯಲ್ಲಿವೆ. ವಿದೇಶಕ್ಕೆ ಹೋಗದವರನ್ನು ಸೋತವರಂತೆ ನೋಡುವುದು ನನಗೆ ಸರಿ ಕಾಣುವುದಿಲ್ಲ.

ಅಂದು ಮಧ್ಯಾಹ್ನವೆಲ್ಲ ಕುಳಿತು ಅವಳ ಪತ್ರ ತಿದ್ದಿದೆವು. "ನಿಮ್ಮ ಸಂಶೋಧನೆ ನನಗೆ ಬಹಳ ಇಷ್ಟ" ಎಂಬ ಸಾಲನ್ನು ಹೊಡೆದುಹಾಕಿದೆವು. ಅವಳದು ಇಂಗಾಲದ ಡೈಆಕ್ಸೈಡ್‌ನಿಂದ ಮೆಥನಾಲ್ ಮಾಡುವ ಕೆಲಸ. ಆ ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕದಲ್ಲಿರುವ ತಾಮ್ರದ ಕಣಗಳು ಕಾವಿಗೆ ಒಂದಕ್ಕೊಂದು ಕೂಡಿಕೊಂಡು ದಪ್ಪವಾಗುತ್ತವೆ, ಆಗ ಅದರ ಕಸುವು ಕುಂದುತ್ತದೆ. ಅದನ್ನು ತಾನು ಹೇಗೆ ತಡೆದೆ, ಆ ಪ್ರೊಫೆಸರರ ಪ್ರಯೋಗಾಲಯದಲ್ಲಿರುವ ಅಧಿಕ ಒತ್ತಡದ ರಿಯಾಕ್ಟರಿನಲ್ಲಿ ಏನನ್ನು ಪರೀಕ್ಷಿಸಬೇಕೆಂದಿದ್ದೇನೆ ಎಂದು ನಾಲ್ಕು ಸಾಲಿನಲ್ಲಿ ಬರೆದಳು. ಬರೆಯುವಾಗ ಅವಳ ಬೆನ್ನು ನೆಟ್ಟಗಾಗಿದ್ದನ್ನು ನೋಡಿದೆ. ನೂರಾ ಹತ್ತು ಹೆಸರುಗಳಲ್ಲಿ ಕೊನೆಗೆ ಉಳಿದದ್ದು ಆರು.

ಮೊನ್ನೆ ಒಬ್ಬರಿಂದ ಉತ್ತರ ಬಂದಿದೆ. ವಿಡಿಯೊ ಕರೆಗೆ ದಿನ ಕೊಟ್ಟಿದ್ದಾರೆ, ಶಿಫಾರಸು ಪತ್ರ ಬರೆಯಬಲ್ಲ ಮೂವರ ಹೆಸರು ಕೇಳಿದ್ದಾರೆ. ಗೈಡ್ ಒಬ್ಬರು, ಜೊತೆಗೆ ಪೇಪರ್ ಬರೆದ ಹಿರಿಯರು ಇನ್ನೊಬ್ಬರು. ಮೂರನೆಯವರು ಯಾರೆಂದು ಕೇಳಿದೆ. ಹುಡುಗಿ ಸುಮ್ಮನಾದಳು. ಐದು ವರ್ಷದಲ್ಲಿ ಅವಳನ್ನು ಹೊರಗಿನ ಒಂದು ಸಮ್ಮೇಳನಕ್ಕೂ ಕಳಿಸಿಲ್ಲ.