ಕೊನೆಯ ಹಾಡಿನವರೆಗೆ ಕೇಳಿದ್ರಾ?

ಬ್ರಿಟಿಷ್ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ‘ಹ್ಯಾಕ್ನಿ ಡೈಮಂಡ್ಸ್’ ಆಲ್ಬಂ ಅನ್ನು ನಿಮ್ಮ ವಿಮರ್ಶೆಯಲ್ಲಿ ‘ಅಜ್ಜಂದಿರ ಹಟ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೀರಿ. ಇದು ಯಾಕೋ ಸರಿ ಅನಿಸಲಿಲ್ಲ. 2005ರ ನಂತರ ಅವರು ತಮ್ಮದೇ ಹೊಸ ಹಾಡುಗಳ ಆಲ್ಬಂ ತಂದದ್ದು 2023ರಲ್ಲೇ. ನಡುವೆ 2016ರಲ್ಲಿ ಹಳೇ ಬ್ಲೂಸ್ (ಆಫ್ರಿಕನ್-ಅಮೆರಿಕನ್ನರ ಸಂಗೀತ ಪ್ರಕಾರ) ಹಾಡುಗಳ ಒಂದು ಆಲ್ಬಂ ಬಂತು. ಅದನ್ನು ಮೂರೇ ದಿನದಲ್ಲಿ ರೆಕಾರ್ಡ್ ಮಾಡಿದ್ದರು. ನನಗೆ ಇವತ್ತಿಗೂ ಅದೇ ಜಾಸ್ತಿ ಇಷ್ಟ.

ಒಂದು ಮಾತು ಒಪ್ಪುತ್ತೇನೆ. ನಿರ್ಮಾಪಕ ಆಂಡ್ರೂ ವಾಟ್ ಎಲ್ಲವನ್ನೂ ತಿಕ್ಕಿ ತೊಳೆದು ಫಳಫಳ ಹೊಳೆಸಿಬಿಟ್ಟಿದ್ದಾರೆ. ಸ್ವಲ್ಪ ದೂಳು ಇರಬೇಕಿತ್ತು. ಆದರೆ 2021ರಲ್ಲಿ ತೀರಿಕೊಂಡ, ತಂಡದ ಹಳೇ ಡ್ರಮ್ಮರ್ ಚಾರ್ಲಿ ವಾಟ್ಸ್ ಡ್ರಮ್ಸ್ ಬಾರಿಸಿದ ಎರಡು ಹಾಡುಗಳು ಇದರಲ್ಲಿವೆ. ‘ಲಿವ್ ಬೈ ದ ಸೋರ್ಡ್’ ಅದರಲ್ಲೊಂದು. ಅದರಲ್ಲಿ ಬೇಸ್ ನುಡಿಸಿದ್ದು ಬಿಲ್ ವೈಮನ್, ತೊಂಬತ್ತರ ದಶಕದಲ್ಲೇ ತಂಡ ಬಿಟ್ಟವರು! ಹಳೇ ಗೆಳೆಯರು ಮತ್ತೆ ಒಂದೇ ಜಗುಲಿಯಲ್ಲಿ ಕೂತ ಹಾಗಿದೆ.

ನೀವು ಕೊನೆಯ ಹಾಡು ‘ರೋಲಿಂಗ್ ಸ್ಟೋನ್ ಬ್ಲೂಸ್’ ಬಗ್ಗೆ ಏನೂ ಬರೆದಿಲ್ಲ. ಅದು ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1950ರಲ್ಲಿ ಹಾಡಿದ್ದು, ತಂಡಕ್ಕೆ ಹೆಸರು ಸಿಕ್ಕಿದ್ದೇ ಅದರಿಂದ. ಇಲ್ಲಿ ಡ್ರಮ್ಸ್ ಇಲ್ಲ, ಅಬ್ಬರ ಇಲ್ಲ. ತಂಡದ ಕೀತ್ ರಿಚರ್ಡ್ಸ್ ಗಿಟಾರು, ಮಿಕ್ ಜಾಗರ್ ದನಿ ಮತ್ತು ಹಾರ್ಮೋನಿಕಾ, ಅಷ್ಟೇ. 1962ರಲ್ಲಿ ಶುರುವಾದ ತಂಡ ತನ್ನ ಹೆಸರಿನ ಹಾಡಿಗೇ ಬಂದು ಕೂತಿದೆ ಅಲ್ವಾ?

2003ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಇವರನ್ನು ಕೇಳಿದವರು ಯಾರಾದರೂ ಇಲ್ಲಿದ್ದರೆ ಬರೆಯಿರಿ. ನಾನಂತೂ ಸುಮ್ನೆ ಹೊಟ್ಟೆಕಿಚ್ಚು ಪಡುತ್ತೇನೆ.